ಚಿನ್ನದ ಕೆಳಗಿನ ಅರಿಶಿನ

ಫಟ್!

ಕಾರಿನ ಹಿಂದಿನ ಗಾಜು ಒಡೆದು ಸೀಟಿನ ತುಂಬ ಚೆಲ್ಲಿತು.

"ಬಗ್ಗು!" ಅಂದೆ.

ಪಕ್ಕದಲ್ಲಿದ್ದ ಬಿಂದುಶ್ರೀ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಬಗ್ಗಿದಳು. ಉಟ್ಟಿದ್ದು ರೇಷ್ಮೆ ಸೀರೆ, ಮುಡಿದಿದ್ದು ಮಲ್ಲಿಗೆ. ಮದುವೆಗೆ ಹೊರಟಿದ್ದವಳು ಪಾಪ.

ಕನ್ನಡಿಯಲ್ಲಿ ನೋಡಿದೆ. ಬಿಳಿ ಬೊಲೆರೊ. ಒಬ್ಬ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ. ಕೈಯಲ್ಲಿ ಇನ್ನೊಂದು ಕಲ್ಲು...

"ಸಾರ್, ಅವ್ರು ನಮ್ಮ ಫ್ಯಾಕ್ಟರಿಯವ್ರೇ! ನಿರಂಜನ್ ಸಾರ್ ಕಳ್ಸಿರೋದು!"

"ಗೊತ್ತಾಯ್ತಮ್ಮ. ಮುಹೂರ್ತ ಎಷ್ಟೊತ್ತಿಗೆ?"

"ಹನ್ನೊಂದರೊಳಗೆ!"

ಹತ್ತು ದಾಟಿತ್ತು. ನಾವಿನ್ನೂ ಹಿನಕಲ್ ಫ್ಲೈಓವರಿನ ಕೆಳಗೆ ರಿಂಗ್ ರೋಡಿನಲ್ಲಿದ್ದೆವು. ಮದುವೆ ಇದ್ದದ್ದು ಮಂಡಕಳ್ಳಿ ಹತ್ತಿರದ ಹೊಸ ಛತ್ರದಲ್ಲಿ, ಊರಿನ ಆ ತುದಿಗೆ.

ನಾವು ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಮದುಮಗಳು ಸಾಯುತ್ತಾಳೆ.

ಮದುಮಗಳ ಹೆಸರು ಮಾನಸ.

ನಾನು ಪ್ರೀತಿಸಿದ ಹುಡುಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಯಾರಿಂದಲೋ ಕೇಳಿ ಆಮೇಲೆ ನೀವು ನನ್ನನ್ನು ಒಂಥರಾ ನೋಡುವುದು ಬೇಡ.

ನನ್ನ ಹೆಸರು ಮಾರ್ಟಿನ್. ಪ್ರೈವೇಟ್ ಡಿಟೆಕ್ಟಿವ್. ಬೋರ್ಡು ದೊಡ್ಡದು, ಕೆಲಸ ಚಿಕ್ಕದು. ಫ್ಯಾಕ್ಟರಿಯಲ್ಲಿ ಕಳ್ಳತನ, ಮನೆ ಬಿಟ್ಟು ಓಡಿಹೋದ ಗಂಡ, ಮದುವೆಗೆ ಮುಂಚೆ ಗಂಡಿನ ನಡತೆ ವಿಚಾರಣೆ... ಇಂಥವು. ನಿರಂಜನ್ ಎಂಬವನ ಫ್ಯಾಕ್ಟರಿ ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿದೆ. ಮದುವೆ ಛತ್ರಗಳಿಗೆ ತಿರುಗುವ ಸ್ಟೇಜು, ಏಳುವ ಸ್ಟೇಜು ಮಾಡುತ್ತಾನೆ. ಅವನ ಡಿಸೈನುಗಳನ್ನು ಯಾರೋ ಕದ್ದು ಮಾರುತ್ತಿದ್ದಾರೆ ಅಂತ ಒಮ್ಮೆ ನನ್ನನ್ನು ಕರೆಸಿದ. ಕಳ್ಳನನ್ನು ಹಿಡಿದುಕೊಟ್ಟೆ. ಆ ಹೊತ್ತಿಗೆ ಅಲ್ಲಿಯ ಡಿಸೈನರ್ ಮಾನಸ ನನ್ನನ್ನು ಹಿಡಿದುಹಾಕಿದ್ದಳು.

ಅವಳ ಪಕ್ಕ ಕೂತು ಕಂಪ್ಯೂಟರ್ ನೋಡುತ್ತಿದ್ದೆ. ಪರದೆಯ ಮೇಲೆ ಯಂತ್ರದ ಒಂದೊಂದು ಪಾರ್ಟಿಗೂ ಒಂದೊಂದು ಬಣ್ಣ.

"ಬಣ್ಣ ತಾನೇ? ಯಾವ್ದಾದ್ರೇನು?" ಅಂದಿದ್ದೆ.

ತಿರುಗಿ ನೋಡಿದಳು. ಆ ನೋಟಕ್ಕೇ ನಾನು ಬಿದ್ದದ್ದು.

"ಈ ಕ್ಯಾಡ್ ಸಾಫ್ಟ್‌ವೇರಲ್ಲಿ ಬಣ್ಣ ಬೇರೆ, ಮೆಟೀರಿಯಲ್ ಬೇರೆ ಕಣ್ರೀ. ಈ ಬೋಲ್ಟಿಗೆ ಸ್ಟೀಲ್ ಬಣ್ಣ ಹಾಕ್ದೆ ಅನ್ಕೊಳ್ಳಿ. ಅದು ಸ್ಟೀಲ್ ಆಗ್ಬುಡುತ್ತಾ? ಸೋಪಿಗೂ ಸ್ಟೀಲ್ ಬಣ್ಣ ಹಾಕ್ಬೋದು! ಫಳಫಳ ಅನ್ನುತ್ತೆ. ಆದ್ರೆ ತೂಕ, ಗಟ್ಟಿತನ ಎಲ್ಲಾ ಸೋಪಿಂದೇ."

ಆ ಆಫೀಸಿನಲ್ಲಿ ಅವಳದೇ ಒಂದು ಕಟ್ಟಳೆ ಇತ್ತು. ಯಾವ ಲೋಹ ಅಂತ ಇನ್ನೂ ನಿರ್ಧಾರವಾಗದ, ಭಾರ ಹೊರಿಸಿ ನೋಡದ ಪಾರ್ಟಿಗೆಲ್ಲ ಅರಿಶಿನದ ಬಣ್ಣ. "ಅರಿಶಿನ ಹಚ್ಚಿದ್ಮೇಲೆ ಮದ್ವೆ ಹೆಣ್ಣು ಹೊಸ್ತಿಲು ದಾಟಬಾರ್ದು. ಇದೂ ಅಷ್ಟೆ" ಅನ್ನುತ್ತಿದ್ದಳು. ಪರದೆಯ ಮೇಲೆ ಒಂದು ಚೂರು ಅರಿಶಿನ ಕಂಡರೂ ಕೆಳಗಿನ ವರ್ಕ್‌ಶಾಪಿನವರು ಆ ಯಂತ್ರಕ್ಕೆ ಕೈ ಹಾಕುತ್ತಿರಲಿಲ್ಲ.

ಆಮೇಲೆ ಗೋಕುಲಂನಲ್ಲಿ ಕಾಫಿ. ಸುತ್ತ ಯೋಗ ಕಲಿಯಲು ಬಂದ ಫಾರಿನರ್‌ಗಳು. ನಮ್ಮನ್ನು ಗುರುತಿಸುವವರು ಅಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಅಲ್ಲಿಗೆ ಹೋಗುತ್ತಿದ್ದೆವು.

ನಾನು ಭಾನುವಾರ ಚರ್ಚಿಗೆ ಹೋಗುವವನು. ಅವಳ ಅಪ್ಪ ಜವರಯ್ಯ ಸೋಮವಾರ ನಂಜನಗೂಡಿಗೆ ಹೋಗುವವರು. ಇನ್ನು ಹೇಳುವುದೇನಿದೆ?

"ಅಪ್ಪನ್ನ ನೋಯಿಸಕ್ಕಾಗಲ್ಲ ಮಾರ್ಟಿನ್..." ಅಂದಳು ಒಂದು ದಿನ.

ನಾನು ಕಾಫಿ ಬಿಲ್ ಕೊಟ್ಟು ಎದ್ದೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನ್ನಂಥ ಗಟ್ಟಿಗ!

ತಮಾಷೆ ಇನ್ನೂ ಇದೆ ಕೇಳಿ. ಸ್ವಲ್ಪ ದಿನಕ್ಕೇ ಜವರಯ್ಯನವರು ನನ್ನ ಆಫೀಸಿಗೆ ಬಂದರು. ಮಗಳಿಗೆ ಗಂಡು ನೋಡಿದ್ದಾರಂತೆ. ಸುದರ್ಶನ, ಕಾಲೇಜ್ ಲೆಕ್ಚರರ್. "ಹುಡುಗ ಎಂಗೆ ಏನು ಅಂತ ಒಸಿ ವಿಚಾರ್ಸ್‌ಕೊಡಪ್ಪ" ಅಂದರು.

ಬೇರೆ ಯಾರ ಕೇಸಿಗೂ ನಾನು ಅಷ್ಟು ಬೆವರು ಸುರಿಸಿಲ್ಲ. ಒಂದು ಕೆಟ್ಟ ಚಾಳಿ ಸಿಕ್ಕಿದ್ದರೆ ಸಾಕಿತ್ತು! ಅವನು ಹೋದಲ್ಲೆಲ್ಲ ಹೋದೆ. ಆಸಾಮಿ ಬೀಡಿ ಸೇದುವುದಿಲ್ಲ, ಕುಡಿಯುವುದಿಲ್ಲ, ಸಾಲದ್ದಕ್ಕೆ ಬೀದಿನಾಯಿಗೆ ಬನ್ ಹಾಕುತ್ತಾನೆ! "ಒಳ್ಳೇ ಹುಡುಗ, ಕೊಡಿ" ಅಂದೆ. ಅಪ್ಪನ ಮಾತಿಗೆ ತಲೆ ಬಗ್ಗಿಸಿ ಅವಳು ಒಪ್ಪಿಕೊಂಡಿದ್ದಾಳೆ, ಒಳಗೆ ನಾನೇ ಇದ್ದೇನೆ ಅಂತ ನನಗೆ ನಾನೇ ಹೇಳಿಕೊಂಡು ದಿನ ದೂಡುತ್ತಿದ್ದೆ.

ಆ ಬೆಳಿಗ್ಗೆ ಬಿಂದುಶ್ರೀ ಫೋನ್ ಮಾಡಿದಳು. ಮಾನಸಳ ಜೊತೆ ಅದೇ ಆಫೀಸಿನಲ್ಲಿ ಕೆಲಸ ಮಾಡುವವಳು. ನಮ್ಮ ಕಥೆ ಗೊತ್ತಿದ್ದವಳು ಅವಳೊಬ್ಬಳೇ ಅಂದುಕೊಂಡಿದ್ದೆ.

"ಸಾರ್, ಫ್ಯಾಕ್ಟರಿ ಗೇಟ್ ಹತ್ರ ಬನ್ನಿ! ಮಾನಸ ಇವತ್ತು ಸತ್ತೋಗ್ತಾಳೆ!"

ಷರ್ಟಿನ ಗುಂಡಿ ಹಾಕಿಕೊಂಡಿದ್ದು ಕಾರಿನಲ್ಲಿ.

ವಿಷಯ ಇಷ್ಟು. ಮಾನಸ ಒಂದು ತಾವರೆ ಸ್ಟೇಜ್ ಡಿಸೈನ್ ಮಾಡಿದ್ದಳು. ಗಂಡು ಹೆಣ್ಣು ಅದರ ಮೇಲೆ ನಿಲ್ಲಬೇಕು. ಅಂತರಪಟ ಸರಿದ ಕೂಡಲೇ ತಾವರೆ ಎರಡಾಳು ಎತ್ತರಕ್ಕೆ ಏಳುತ್ತದೆ, ದಳ ಬಿಚ್ಚುತ್ತದೆ, ಮೇಲೆ ಹಾರ ಬದಲಾಯಿಸುತ್ತಾರೆ. ಮೊದಲನೆಯದನ್ನು ಅವಳ ಮದುವೆಗೇ ಉಡುಗೊರೆ ಅಂತ ನಿರಂಜನ್ ಕೊಟ್ಟ. ಅವನದೇನು ದೊಡ್ಡ ಮನಸ್ಸಲ್ಲ. ಊರೂರಿನ ಛತ್ರದ ಮಾಲೀಕರನ್ನು ಅವತ್ತು ಮುಂದಿನ ಸಾಲಿನಲ್ಲಿ ಕೂರಿಸಿದ್ದ, ಆರ್ಡರ್ ಹಿಡಿಯಲು!

"ಛತ್ರದ ಸ್ಕ್ರೀನಲ್ಲಿ ಹಾಕಕ್ಕೆ ತಾವರೆ ಚಿತ್ರ ಬೇಕು, ಚಿನ್ನ ಬೇಡ, ಪಿಂಕ್ ಮಾಡ್ಕೊಡು ಅಂದ್ರು ಸಾರ್ ನಿರಂಜನ್ ಸಾರ್" ಅಂದಳು ಬಿಂದುಶ್ರೀ, ಸೀಟಿನ ಕೆಳಗಿನಿಂದಲೇ. "ಅಸೆಂಬ್ಲಿಗೆ ಹಾಕಿದ್ದ ಚಿನ್ನದ ಬಣ್ಣ ತೆಗ್ದೆ. ಕೆಳಗಡೆ ಪಿನ್ನು... ಅರಿಶಿನ!"

ಅಸೆಂಬ್ಲಿ ಅಂದರೆ ಇಡೀ ಯಂತ್ರ. ಇಡೀ ಯಂತ್ರಕ್ಕೆ ಮೇಲಿನಿಂದ ಒಂದೇ ಬಣ್ಣ ಕೊಟ್ಟರೆ ಬಿಡಿ ಪಾರ್ಟುಗಳ ಬಣ್ಣ ಕಾಣುವುದಿಲ್ಲ. ಅಳಿಸಿಹೋಗಿರುವುದಿಲ್ಲ, ಕಾಣುವುದಿಲ್ಲ ಅಷ್ಟೆ.

"ಯಾವ ಪಿನ್ನು?"

"ತಾವರೇನ ಎತ್ತೋ ತೋಳಿಗೆ ಅದೊಂದೇ ಸಾರ್ ಆಧಾರ! ಮೆಟೀರಿಯಲ್ ಕಡೆ ನೋಡಿದ್ರೆ ಖಾಲಿ ಇದೆ. ಮಾನಸ ಇನ್ನೂ ನಿರ್ಧಾರಾನೇ ಮಾಡಿರ್ಲಿಲ್ಲ. ಶಾಪಿನೋರು ಪರದೇಲಿ ಬರೀ ಚಿನ್ನ ನೋಡಿದ್ರು, ಎಲ್ಲಾ ಸರಿಯಾಗಿದೆ ಅನ್ಕೊಂಡು ಮಾಮೂಲಿ ಸರಳು ಕಡ್ದು ಪಿನ್ ಮಾಡಿ ಹಾಕ್ಬುಟ್ಟಿದ್ದಾರೆ."

"ಭಾರ ಹೊರಿಸಿ ನೋಡ್ಲಿಲ್ವಾ?"

"ಇಲ್ಲ! ಟೆಸ್ಟ್ ಆಯ್ತು, ನೀನು ಮದ್ವೆ ನೋಡ್ಕೊ ಅಂತ ಮಾನಸಂಗೆ ಸುಳ್ಳು ಹೇಳಿದ್ದಾರೆ ನಿರಂಜನ್ ಸಾರ್. ಬೆಳಿಗ್ಗೆ ನಾನೇ ಅವ್ರಿಗೆ ಫೋನ್ ಮಾಡಿ ಹೇಳ್ದೆ. ಹತ್ತು ನಿಮಿಷದ ಕೆಲ್ಸ, ಏನೂ ಆಗಲ್ಲ, ಬಾಯಿ ಮುಚ್ಕೊಂಡು ಲ್ಯಾಪ್‌ಟಾಪ್ ಅಲ್ಲೇ ಇಟ್ಟು ಬಾ ಅಂದ್ರು."

ಅವಳು ಇಟ್ಟು ಬರಲಿಲ್ಲ. ಎತ್ತಿಕೊಂಡು ಬಂದಳು. ಅದಕ್ಕೇ ಹಿಂದೆ ಬೊಲೆರೊ.

ಛತ್ರಕ್ಕೆ ಫೋನ್ ಮಾಡಬಹುದಿತ್ತಲ್ಲ ಅಂತೀರಾ? ಮಾಡಿದೆವು ಸ್ವಾಮಿ! ಮಾನಸಳ ಫೋನ್ ಆಫ್. ಜವರಯ್ಯನವರ ಫೋನ್ ಹೊಡೆದುಕೊಂಡೇ ಇತ್ತು. ವಾಲಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಛತ್ರದ ಮ್ಯಾನೇಜರ್ ಎತ್ತಿದ. "ಮದ್ವೆ ನಿಲ್ಸಿ ಅಂತ ಮುಹೂರ್ತಕ್ಕೊಬ್ರು ಫೋನ್ ಮಾಡ್ತಾರೆ, ಇಡಿ ಸಾರ್" ಅಂದ. ಇಟ್ಟೇಬಿಟ್ಟ.

ಬೋಗಾದಿ ದಾಟಿತು. ನನ್ನ ಹಳೇ ಆಲ್ಟೊ ಮೈಯೆಲ್ಲ ನಡುಗುತ್ತಿತ್ತು. ಬೊಲೆರೊ ಬಂದು ಹಿಂದಿನಿಂದ ಗುದ್ದಿತು. ಬಿಂದುಶ್ರೀ ಚೀರಿದಳು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದೆ.

ನಿರಂಜನ್!

"ಏನ್ ಮಾರ್ಟಿನ್, ಕಂಪ್ನಿ ಲ್ಯಾಪ್‌ಟಾಪ್ ಕದ್ಕೊಂಡ್ ಓಡ್ತಿದ್ದೀಯಂತೆ?"

"ತಾವರೆ ನಿಲ್ಸು. ಆಮೇಲೆ ಲ್ಯಾಪ್‌ಟಾಪ್ ನಿನ್ನ ತಲೆ ಮೇಲೇ ಇಡ್ತೀನಿ."

ನಕ್ಕ.

"ಬಾ, ತೋರ್ಸು. ಎಲ್ರಿಗೂ ತೋರ್ಸು. ಅರಿಶಿನದ ಮೇಲೆ ಚಿನ್ನ ಬಳಿದಿದ್ದು ಯಾರು ಗೊತ್ತಾ? ಫೈಲಲ್ಲಿ ಹೆಸ್ರಿದೆ, ನೋಡ್ಕೊ. ನಿನ್ನ ಮಾನಸ! ನಾಳೆ ಕೇಸ್ ಆದ್ರೆ ತಪ್ಪು ಡಿಸೈನರ್‌ದು. ಮದ್ವೆ ಮಂಟಪದಿಂದ ನೇರ ಸ್ಟೇಷನ್ನಿಗೆ ಹೋಗ್ಲಾ ಅವ್ಳು?"

ಬಿಂದುಶ್ರೀ ಕಡೆ ನೋಡಿದೆ. ಅವಳು ತಲೆ ತಗ್ಗಿಸಿದಳು.

"ಹೌದು ಸಾರ್... ಮಾನಸಂದೇ ಲಾಗಿನ್ನು."

ಮಾನಸ? ಒಂದು ಸ್ಕ್ರೂ ಬಣ್ಣ ತಪ್ಪಿದರೂ ಊಟ ಬಿಟ್ಟು ಕೂರುತ್ತಿದ್ದವಳು?

"ಮಾರ್ಟಿನ್, ಸುಮ್ನೆ ವಾಪಸ್ ಹೋಗು" ಅಂದ ನಿರಂಜನ್.

"ಅವ್ಳು ಸ್ಟೇಷನ್ನಿಗೆ ಹೋದ್ರೆ ಬಿಡಿಸ್ಕೊಂಡು ಬರ್ತೀನಿ ಕಣೋ. ಸ್ಮಶಾನಕ್ಕೆ ಹೋದ್ರೆ ಆಗಲ್ಲ!"

ಫೋನನ್ನು ಹಿಂದಿನ ಸೀಟಿಗೆ ಎಸೆದೆ.

ಶ್ರೀರಾಂಪುರದ ಹತ್ತಿರ ಟ್ರಾಫಿಕ್ ಪೊಲೀಸರು ನಿಂತಿದ್ದರು. ಬೇರೆ ದಿನವಾದರೆ ಅವರನ್ನು ಕಂಡು ಗಲ್ಲಿಗೆ ನುಗ್ಗುತ್ತಿದ್ದೆ. ಅವತ್ತು ನೇರ ಅವರ ಕಾಲ ಬುಡದಲ್ಲೇ ಬ್ರೇಕ್ ಹಾಕಿದೆ.

"ಸಾರ್! ಹಿಂದೆ ಬರ್ತಿರೋ ಬೊಲೆರೊ ನೋಡಿ! ಸೀಟ್ ಬೆಲ್ಟ್ ಇಲ್ಲ, ಕಿಟಕೀಲಿ ನೇತಾಡ್ತಾವ್ರೆ, ನನ್ನ ಗಾಜು ಒಡ್ದವ್ರೆ, ಹೆಂಗಸು ಗಾಡೀಲಿದ್ರೂ ಕಲ್ಲು ಎಸೀತಾವ್ರೆ!"

ಬಿಂದುಶ್ರೀ ಹೋ ಅಂತ ಅತ್ತಳು. ನಾಟಕ ಅಲ್ಲ, ನಿಜವಾಗಿಯೇ ಅತ್ತಳು.

ಪೊಲೀಸಪ್ಪ ರಸ್ತೆ ಮಧ್ಯಕ್ಕೆ ಹೋಗಿ ಎರಡೂ ಕೈ ಚಾಚಿ ನಿಂತ. ಬೊಲೆರೊ ಕಿರ್ರ್ ಅಂತ ನಿಂತಿತು. ನಾನು ನಿಲ್ಲಲಿಲ್ಲ!

ನಂಜನಗೂಡು ರಸ್ತೆಗೆ ತಿರುಗಿದೆ. ಏರ್‌ಪೋರ್ಟಿನ ಕಾಂಪೌಂಡು ಕಾಣುವ ಹೊತ್ತಿಗೆ ವಾಲಗ ಕೇಳಿಸಿತು.

ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದವರನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

ಕಂಡಳು!

ಸ್ಟೇಜಿನ ನಟ್ಟನಡುವೆ ಚಿನ್ನದ ಬಣ್ಣದ ತಾವರೆ. ಅದರ ಮೇಲೆ ಮಾನಸ, ಬಾಸಿಂಗ ಕಟ್ಟಿಕೊಂಡು. ಎದುರಿಗೆ ಸುದರ್ಶನ. ಮಧ್ಯೆ ಅಂತರಪಟ. ಅವಳ ಪಕ್ಕ ಸೋದರಮಾವ, ಹಿಂದೆ ಕಳಸ ಹಿಡಿದ ಪುಟ್ಟ ಹುಡುಗಿ. ಸ್ಟೇಜಿನ ಮೂಲೆಯಲ್ಲಿ ನಿರಂಜನ್, ಸೂಟು ಬೂಟು, ಕೈಯಲ್ಲಿ ರಿಮೋಟು.

"ಇಳೀರಿ!" ಅಂತ ಕೂಗಿದೆ. "ಮಾನಸ, ಇಳಿ ಕೆಳಗೆ! ಎಲ್ರೂ ಇಳೀರಿ!"

ವಾಲಗ ನಿಂತಿತು.

ಅಷ್ಟು ಜನ. ಅಷ್ಟೂ ಕಣ್ಣು ನನ್ನ ಮೇಲೆ.

"ಯಾರೋ ಇವ್ನು?"

"ಅಯ್ಯೋ, ಅದೇ ಕಣ್ರೀ, ಗೋಕುಲಂನಲ್ಲಿ ನಮ್ಮ ಹುಡುಗಿ ಜೊತೆ ಕಾಫಿ ಕುಡೀತಿದ್ದ ಅಂತ ಯಾರೋ ಹೇಳಿರ್ಲಿಲ್ವಾ..."

"ಮದ್ವೆ ಕೆಡ್ಸಕ್ಕೆ ಬಂದವ್ನೆ! ಹಿಡೀರೋ!"

ಗುರುತಿಸುವವರು ಯಾರೂ ಇಲ್ಲ ಅಂದುಕೊಂಡಿದ್ದು ನಮ್ಮ ದಡ್ಡತನ! ನಾಲ್ಕು ಜನ ನನ್ನ ಮೇಲೆ ಬಿದ್ದರು. ಒಬ್ಬ ಮುಖಕ್ಕೆ ಗುದ್ದಿದ. ಬಾಯಲ್ಲಿ ರಕ್ತದ ರುಚಿ. ಬಿಂದುಶ್ರೀ ಲ್ಯಾಪ್‌ಟಾಪ್ ತೆರೆಯಲು ನೋಡಿದಳು, ಯಾರೋ ಕಿತ್ತುಕೊಂಡರು.

"ಲವ್ ಫೇಲ್ಯೂರ್ ಕೇಸು, ಕುಡ್ದಿದ್ದಾನೆ" ಅಂದ ನಿರಂಜನ್ ಮೈಕಿನಲ್ಲಿ. "ಮುಹೂರ್ತ ಮೀರುತ್ತೆ, ಮುಂದುವರ್ಸಿ ಪುರೋಹಿತ್ರೇ."

ನಾನು ಮಾನಸಳನ್ನು ನೋಡಿದೆ. ಅವಳ ಕಣ್ಣಲ್ಲಿ ನೀರು.

"ಮಾರ್ಟಿನ್... ಇವತ್ತು ಬೇಡ. ದಮ್ಮಯ್ಯ, ಹೋಗು."

ಬಾಯಿಗೆ ಬಿದ್ದ ಗುದ್ದು ನೋಯಲಿಲ್ಲ ಸ್ವಾಮಿ. ಇದು ನೋಯಿತು. ಅವಳೂ ನನ್ನನ್ನು ಹಾಗೇ ಅಂದುಕೊಂಡಳಲ್ಲ!

"ನಿನ್ನ ಪಿನ್ನಿಗೆ ಇನ್ನೂ ಅರಿಶಿನ ಇದೆ ಕಣೇ!" ಅಂತ ಅರಚಿದೆ. "ಚಿನ್ನದ ಕೆಳಗಿದೆ! ಟೆಸ್ಟೇ ಮಾಡಿಲ್ಲ!"

ಅಲ್ಲಿದ್ದವರಿಗೆ ಅದೊಂದು ಹುಚ್ಚರ ಮಾತು. ಅವಳಿಗೆ ಮಾತ್ರ ಅರ್ಥವಾಯಿತು. ಮುಖದ ಬಣ್ಣವೇ ಹೋಯಿತು. ಕಾಲ ಕೆಳಗಿನ ತಾವರೆ ನೋಡಿದಳು, ಪಕ್ಕದ ಸೋದರಮಾವನ ತೋಳು ಹಿಡಿದಳು.

ನಿರಂಜನನ ಹೆಬ್ಬೆರಳು ರಿಮೋಟಿನ ಮೇಲೆ ಹೋಯಿತು.

"ನಿಲ್ಸಯ್ಯ!"

ಜವರಯ್ಯ. ಬಿಳಿ ಪಂಚೆ, ಬಿಳಿ ಷರ್ಟು, ಹೆಗಲ ಮೇಲೆ ಟವೆಲ್. ನೆಟ್ಟಗೆ ಬಂದು ನಿರಂಜನನ ಕೈಯಿಂದ ರಿಮೋಟು ಕಿತ್ತುಕೊಂಡರು.

"ಏನ್ ಜವರಯ್ಯನೋರೇ, ಈ ಹುಡುಗನ ಮಾತು ಕಟ್ಕೊಂಡು..."

"ಈ ಹುಡುಗ್ನ ನಾನು ನಿನ್ಗಿಂತ ಚೆನ್ನಾಗಿ ಬಲ್ಲೆ." ನೆಂಟರ ಕಡೆ ತಿರುಗಿದರು. "ಬುಡ್ರೋ ಅವ್ನ! ಇವ್ನಿಗೆ ನನ್ನ ಮಗ್ಳ ಮ್ಯಾಲೆ ಮನ್ಸಿತ್ತು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಗಂಡಿನ ವಿಚಾರಣೆ ಇವ್ನ ಕೈಗೆ ಕೊಟ್ಟೆ. ಒಂದು ಸಣ್ಣ ಹುಳುಕಿದ್ರೂ ಇವ್ನಂಗೆ ಇನ್ಯಾರು ಹುಡುಕ್ತಾರೆ? ಒಂದು ಸುಳ್ಳು ಹೇಳಿದ್ರೆ ಈ ಮದ್ವೇನೇ ಇರ್ತಿರ್ಲಿಲ್ಲ. ಒಳ್ಳೇ ಹುಡುಗ, ಕೊಡಿ ಅಂದ. ಅವತ್ತು ಸುಳ್ಳು ಹೇಳ್ದೇ ಇದ್ದೋನು ಇವತ್ತು ಹೇಳ್ತಾನಾ?"

ನನ್ನನ್ನು ಹಿಡಿದಿದ್ದ ಕೈಗಳು ಸಡಿಲವಾದವು.

ನಾನು ಆ ಮುದುಕನ ಮುಖವನ್ನೇ ನೋಡಿದೆ. ಗೊತ್ತಿತ್ತಂತೆ! ಎಲ್ಲಾ ಗೊತ್ತಿದ್ದು ನನ್ನ ಪ್ರೀತಿಯನ್ನೇ ಕೆಲಸಕ್ಕೆ ಹಚ್ಚಿದ್ದರು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಂಥವರ ಅಳಿಯ ಆಗುವ ಯೋಗ ನನಗಿರಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು.

"ಇಳೀರಪ್ಪ ಎಲ್ಲಾ" ಅಂದರು. ಸುದರ್ಶನನೇ ಮೊದಲು ಇಳಿದ. ಕಳಸದ ಹುಡುಗಿಯನ್ನು ಎತ್ತಿಕೊಂಡ, ಮಾನಸಳಿಗೆ ಕೈ ಕೊಟ್ಟು ಇಳಿಸಿದ.

"ಉಗ್ರಾಣದಿಂದ ಅಕ್ಕಿ ಮೂಟೆ ತನ್ನಿ" ಅಂದರು ಜವರಯ್ಯ. "ನಾಕ್ ಜನದ ತೂಕ ಹೇರಿ. ಆಯಪ್ಪನ ತಾವರೆ ಗಟ್ಟಿಯಾಗಿದ್ರೆ ಏಳ್ಲಿ."

ಮೂಟೆ ಹೇರಿದರು. ಜನರನ್ನು ದೂರ ಸರಿಸಿ ಜವರಯ್ಯನವರೇ ಗುಂಡಿ ಒತ್ತಿದರು.

ತಾವರೆ ಎದ್ದಿತು.

ನಿಧಾನವಾಗಿ ಮೇಲೆ ಹೋಯಿತು. ದಳ ಬಿಚ್ಚಿತು. ಯಾರೋ ಚಪ್ಪಾಳೆ ಕೂಡ ತಟ್ಟಿದರು. ನಿರಂಜನ್ ನನ್ನ ಕಡೆ ನೋಡಿ ಹಲ್ಲು ಕಿರಿದ.

ಟಣ್!

ಇಡೀ ತಾವರೆ ಒಂದು ಪಕ್ಕಕ್ಕೆ ವಾಲಿತು. ಮರುಕ್ಷಣ ಧಡಾರ್ ಅಂತ ನೆಲಕ್ಕೆ ಬಡಿಯಿತು! ಮೂಟೆಗಳು ಒಡೆದು ಅಕ್ಕಿ ಸ್ಟೇಜಿನ ತುಂಬ ಹರಡಿತು. ಒಂದು ಚಿನ್ನದ ದಳ ಹಾರಿ ಬಂದು ವಾಲಗದವರ ಮುಂದೆ ಬಿತ್ತು.

ಹೆಂಗಸರು ಕಿರುಚಿಕೊಂಡರು. ಕಳಸದ ಹುಡುಗಿಯ ತಾಯಿ ಕುಸಿದು ಕೂತರು.

ನಿರಂಜನ್ ಹಿಂಬಾಗಿಲ ಕಡೆ ಓಡಿದ. ಹಾರಿ ಅವನ ಕೋಟು ಹಿಡಿದೆ. ತಿರುಗಿ ಒದ್ದ. ನಾನೂ ಕೊಟ್ಟೆ, ಬಾಯಿಗೇ! ಬಿದ್ದವನನ್ನು ಮಾನಸಳ ಊರಿನವರು ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿ ಕೂಡಿ ಪೊಲೀಸರಿಗೆ ಫೋನ್ ಮಾಡಿದರು.

"ಬಣ್ಣ ಬಳಿದಿದ್ದು ಅವ್ಳು!" ಅಂತ ಒಳಗಿನಿಂದ ಕೂಗುತ್ತಿದ್ದ. "ಕೇಳಿ ಅವ್ಳನ್ನ!"

ಮಾನಸ ಅಕ್ಕಿಯ ಮಧ್ಯೆ ಕೂತು ಮುರಿದ ಪಿನ್ನನ್ನು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಸುದರ್ಶನ ನಮ್ಮನ್ನು ನೋಡಿದ. ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತ. ಅಂಥ ಮನುಷ್ಯ, ಥೂ!

"ಅವ್ನು ಹೇಳ್ತಿರೋದು ನಿಜ ಮಾರ್ಟಿನ್. ನಾನೇ ಬಳಿದಿದ್ದು. ಪೊಲೀಸ್ರು ಬಂದ್ರೆ ನಾನೇ ಹೇಳ್ತೀನಿ."

"ಅವ್ನು ಗೊತ್ತಿದ್ದೂ ನಿಲ್ಸಿಲ್ಲ. ನೀನು ಮರ್ತಿದ್ದೆ. ಅದು ಬೇರೆ, ಇದು ಬೇರೆ. ಬಿಂದುಶ್ರೀ ಸಾಕ್ಷಿ ಇದ್ದಾಳೆ." ಮುರಿದ ಪಿನ್ನನ್ನು ಎತ್ತಿಕೊಂಡು ಕೇಳಿದೆ. "ಆದ್ರೆ ನೀನು? ಹೆಂಗೆ ಮರ್ತೆ?"

ಕೇಳಬಾರದಿತ್ತು. ಅವಳು ಸುದರ್ಶನನ ಕಡೆ ನೋಡಿದಳು.

"ರಜಾ ಹಾಕೋ ಹಿಂದಿನ ದಿನ ಇವ್ರು ಆಫೀಸಿಗೆ ಬಂದಿದ್ರು. ನಮ್ಮ ತಾವರೆ ತೋರ್ಸು ಅಂದ್ರು. ನೀಲಿ, ಬೂದು, ಅರಿಶಿನ ಎಲ್ಲಾ ತೇಪೆ ತೇಪೆ ಇತ್ತು. ಇವ್ರ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ ಪೂರ್ತಿಗೆ ಚಿನ್ನ ಹಾಕ್ದೆ. ಇಬ್ರೂ ನೋಡ್ತಾ ಕೂತ್ವಿ. ಆಮೇಲೆ ತೆಗೀಬೇಕಿತ್ತು... ಇವ್ರು ಏನೋ ಹೇಳಿದ್ರು, ನಗ್ತಾ ನಗ್ತಾ ಸೇವ್ ಮಾಡಿ ಎದ್ದೋದೆ."

ಪಿನ್ನನ್ನು ಅಕ್ಕಿಯ ಮೇಲೆ ಇಟ್ಟೆ.

ಎಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ! ಅಪ್ಪನಿಗೋಸ್ಕರ ಒಪ್ಪಿದ್ದಾಳೆ ಅಂತ, ಒಳಗೊಳಗೆ ಅಳುತ್ತಿದ್ದಾಳೆ ಅಂತ. ಇಲ್ಲ ಸ್ವಾಮಿ. ಅವಳು ಸಂತೋಷವಾಗಿದ್ದಳು. ಕೆಲಸ ಮರೆಯುವಷ್ಟು ಸಂತೋಷವಾಗಿದ್ದಳು. ನನ್ನ ಜೊತೆ ಇದ್ದ ಕಾಲದಲ್ಲಿ ಅವಳು ಒಂದು ಬೋಲ್ಟಿನ ಬಣ್ಣವನ್ನೂ ಮರೆತವಳಲ್ಲ.

ಎದೆ ಒಡೆಯಿತು ಅನ್ನುತ್ತಾರಲ್ಲ, ಸುಳ್ಳಲ್ಲ.

"ಮಾರ್ಟಿನ್, ನಿನ್ನ ಬಗ್ಗೆ ತಪ್ಪು ತಿಳ್ಕೊಂಡೆ. ಕ್ಷಮಿಸ್ತೀಯಾ?"

"ಮುಹೂರ್ತ ಮೀರುತ್ತೆ. ಏಳಮ್ಮ" ಅಂದೆ.

"ಅಮ್ಮ" ಅಂತ ಅವಳನ್ನು ನಾನು ಕರೆದದ್ದು ಅದೇ ಮೊದಲು.

ಅಕ್ಕಿ ಬಳಿದು ಪಕ್ಕಕ್ಕೆ ತಳ್ಳಿ, ನೆಲದ ಮೇಲೆ ಹಸೆಮಣೆ ಹಾಕಿದರು. ಗಟ್ಟಿಮೇಳ ಅಂದರು ಪುರೋಹಿತರು. ಯಾರೋ ನನ್ನ ಕೈಗೂ ಅಕ್ಷತೆ ಕೊಟ್ಟಿದ್ದರು. ಎಲ್ಲರ ಜೊತೆ ನಾನೂ ಹಾಕಿದೆ. ಚೆನ್ನಾಗಿರಲಿ ಅಂತ ಮನಸ್ಸಿನಲ್ಲೇ ಅಂದೆ. ಒಂದು ಕಂಬದ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಹೊರಟವನನ್ನು ಜವರಯ್ಯ ತಡೆದರು. ಎರಡೂ ಕೈ ಹಿಡಿದುಕೊಂಡರು.

"ಉಂಡ್ಕೊಂಡೇ ಹೋಗ್ಬೇಕು ಕಣಪ್ಪ. ನನ್ನಾಣೆ."

ಸರಿ ಅಂತ ಊಟದ ಹಾಲಿಗೆ ಹೋದೆ. ಒಡೆದ ತುಟಿ, ಹರಿದ ಷರ್ಟು. ಖಾಲಿ ಕುರ್ಚಿ ಕಂಡು ಕೂತೆ. ಎಲೆ ಹಾಕುತ್ತಿದ್ದವನು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ.

"ಹೆಣ್ಣಿನ ಕಡೆಯೋರೋ, ಗಂಡಿನ ಕಡೆಯೋರೋ?"

ಯೋಚಿಸಿದೆ.

"ಎರಡೂ ಅಲ್ಲ. ಆ ತಾವರೆ ಕೆಲ್ಸಕ್ಕೆ ಬಂದಿದ್ದೆ."

"ಕೆಲಸದೋರಿಗೆ ಲಾಸ್ಟ್ ಪಂಕ್ತಿ ಸಾರ್, ಏಳಿ!" ಅಂದ.

ಎದ್ದೆ.